ರೈಫಲ್ ಒಂದೇ ದಿನಕ್ಕೆ ಸಿಕ್ಕಿತು, ರಿವಾಲ್ವರ್ ಎರಡು ವರ್ಷ ಕಾಡಿತು

ಬೇಟೆಗೆಂದು ನಾನು ಮೊದಲು ಕೊಂಡ ರಿವಾಲ್ವರ್ ಆರು ತಿಂಗಳೂ ನನ್ನ ಹತ್ತಿರ ಉಳಿಯಲಿಲ್ಲ. ಕೊಂಡಿದ್ದಕ್ಕಿಂತ 200 ಡಾಲರ್ ಕಮ್ಮಿಗೆ ಮಾರಿ ಕೈ ತೊಳೆದುಕೊಂಡೆ. ರೈಫಲ್ ಮಾತ್ರ ಇವತ್ತಿಗೂ ಅದೇ. ಎರಡನ್ನೂ ಕೊಂಡವನು ನಾನೇ, ಎರಡಕ್ಕೂ ಓದಿದ್ದು ಹೆಚ್ಚುಕಮ್ಮಿ ಒಂದೇ. ಆದರೂ ಒಂದು ಸರಿಯಾಯಿತು, ಇನ್ನೊಂದು ಕೈಕೊಟ್ಟಿತು.

ನಮ್ಮದು ಮಡಿಕೇರಿ ಹತ್ತಿರದ ಹಳ್ಳಿ. ಮನೆಯಲ್ಲಿ ಅಜ್ಜನ ಜೋಡು ನಳಿಗೆ ಕೋವಿ ಇತ್ತು. ಕೈಲ್ ಮುಹೂರ್ತದ ದಿನ ಅದಕ್ಕೆ ಹೂ ಇಟ್ಟು ಪೂಜೆ. ಆಮೇಲೆ ತೆಂಗಿನಕಾಯಿಗೆ ಗುರಿ. ನನಗಿದ್ದ ಕೋವಿಯ ಅನುಭವ ಅಷ್ಟೇ. ಜಮ್ಮಾ ಹಿಡುವಳಿಯ (ಕೊಡಗಿನಲ್ಲಿ ತಲೆಮಾರಿನಿಂದ ಬಂದ ಜಮೀನಿನ) ಮನೆಗಳಿಗೆ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ ನಿಜ. ಹಾಗಂತ ಬೇಟೆಗೆ ವಿನಾಯಿತಿ ಇಲ್ಲ, 1972ರ ವನ್ಯಜೀವಿ ಕಾಯ್ದೆ ಎಲ್ಲರಿಗೂ ಒಂದೇ. ಹಂದಿ ಗದ್ದೆಗೆ ಇಳಿದರೆ ಅಜ್ಜ ಡಬ್ಬ ಬಡಿಯುತ್ತಿದ್ದರು, ಪಟಾಕಿ ಹಚ್ಚುತ್ತಿದ್ದರು, ಬಾಯಿಗೆ ಬಂದಂತೆ ಬೈಯುತ್ತಿದ್ದರು. ಬೆಳಿಗ್ಗೆ ನೋಡಿದರೆ ಅರ್ಧ ಗದ್ದೆ ಉತ್ತ ಹಾಗಿರುತ್ತಿತ್ತು.

ಟೆಕ್ಸಸ್‌ಗೆ ಬಂದ ಮೇಲೆ ಎಲ್ಲ ಉಲ್ಟಾ. ಇಲ್ಲಿನ ಹಂದಿ ಈ ಕಾಡಿನದ್ದೇ ಅಲ್ಲ. ನೂರಾರು ವರ್ಷದ ಹಿಂದೆ ಸ್ಪೇನಿನವರು ತಂದ ಸಾಕು ಹಂದಿಗಳು ತಪ್ಪಿಸಿಕೊಂಡು ಕಾಡು ಸೇರಿದವು. 1930ರ ದಶಕದಲ್ಲಿ ಶಿಕಾರಿಗೆಂದೇ ತಂದು ಬಿಟ್ಟ ಯುರೋಪಿನ ಕಾಡುಹಂದಿಯೂ ಅದರ ಜೊತೆ ಬೆರೆಯಿತು. ಈಗ ರಾಜ್ಯದಲ್ಲಿ 20 ಲಕ್ಷಕ್ಕಿಂತ ಜಾಸ್ತಿ ಇವೆ ಅನ್ನುವ ಅಂದಾಜಿದೆ. 2019ರಿಂದ, ಜಮೀನಿನ ಮಾಲೀಕ ಒಪ್ಪಿದರೆ ಖಾಸಗಿ ಜಾಗದಲ್ಲಿ ಹಂದಿ ಹೊಡೆಯಲು ಬೇಟೆ ಲೈಸೆನ್ಸೂ ಬೇಡ. ಇದನ್ನು ಅಮ್ಮನಿಗೆ ಹೇಳಿದಾಗ ಅವರು ಕೇಳಿದ ಮೊದಲ ಪ್ರಶ್ನೆ, "ಕೇಸ್ ಆಗಲ್ವಾ ಮಗಾ?"

ಜಿಂಕೆಗೆ ಮಾತ್ರ ಲೈಸೆನ್ಸ್ ಬೇಕೇ ಬೇಕು. 1971ರ ಸೆಪ್ಟೆಂಬರ್ 2ರಂದು ಅಥವಾ ಆಮೇಲೆ ಹುಟ್ಟಿದವರು ಹಂಟರ್ ಎಜುಕೇಶನ್ ಕೋರ್ಸನ್ನೂ ಮಾಡಬೇಕು. ನಾನು ಹುಟ್ಟಿದ್ದು 1976, ಹಾಗಾಗಿ ಕೂತು ಮಾಡಿದೆ. ಸುಮ್ನೆ ಶಾಸ್ತ್ರಕ್ಕೆ ಅಂದುಕೊಂಡಿದ್ದೆ. ಆದರೆ ಜಿಂಕೆಯ ಎದೆಗೂಡಿನ ಚಿತ್ರ ಮೊದಲ ಸಲ ಸರಿಯಾಗಿ ನೋಡಿದ್ದು ಅಲ್ಲೇ.

ನಮ್ಮವರಿಗೆ ಇಲ್ಲೊಂದು ಮಾತು ಹೇಳಲೇಬೇಕು. ಎಚ್-1ಬಿಯಂಥ ವೀಸಾದಲ್ಲಿ ಇರುವವರು ಅಮೆರಿಕದಲ್ಲಿ ಬಂದೂಕು ಕೊಳ್ಳುವುದು ಹಾಗಿರಲಿ, ಇಟ್ಟುಕೊಳ್ಳುವುದೇ ಫೆಡರಲ್ ಅಪರಾಧ. ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಸಿಗುತ್ತದೆ. ಅದನ್ನು ನಂಬಿ ಕೊಂಡ ಗೆಳೆಯರೂ ನನಗಿದ್ದಾರೆ. ನಾನು ಪುಕ್ಕಲ. ಲೈಸೆನ್ಸಿನ ತಾರೀಖು ಮುಗಿದಿದ್ದು ಮರೆತು, ಅಷ್ಟು ವರ್ಷ ಕಾದ ಗ್ರೀನ್ ಕಾರ್ಡಿಗೇ ಕಲ್ಲು ಹಾಕಿಕೊಳ್ಳುವುದು ಬೇಡ ಅಂತ ಅದು ಬರುವ ತನಕ ಸುಮ್ಮನಿದ್ದೆ.

ಜಾಗ ಸಿಕ್ಕಿದ್ದು ಆಫೀಸಿನ ಗೆಳೆಯನೊಬ್ಬನಿಂದ. ಅವರ ಮನೆಯವರದ್ದು ಲ್ಯಾನೋ ಕಡೆ ಜಮೀನು. ಜಿಂಕೆಗೆ ಹೆಸರಾದ ಊರು ಅದು. ಕಲ್ಲು, ಓಕ್ ಮರ, ಸೀಡರ್ ಪೊದೆ. ಮಧ್ಯೆ ಪೊದೆ ಕಡಿದು ಮಾಡಿದ ಉದ್ದದ ದಾರಿ. ಅದಕ್ಕೆ ಇಲ್ಲಿಯವರು ಸೆಂಡೆರೊ ಅನ್ನುತ್ತಾರೆ. ಒಂದು ತುದಿಯಲ್ಲಿ ನಾವು ಕೂರುವ ಗೂಡು. ನಮ್ಮ ಕಡೆಯ ಹಳಬರು ಮರಸು ಕೂರುವುದು ಅನ್ನುತ್ತಾರಲ್ಲ, ಅದೇ. ಇಲ್ಲಿ ಕುರ್ಚಿ ಇದೆ, ಅಷ್ಟೇ ವ್ಯತ್ಯಾಸ. ಎದುರಿಗೆ 90 ಗಜದಲ್ಲಿ ಜೋಳ ಚೆಲ್ಲುವ ಯಂತ್ರ. ದಾರಿಯ ಕೊನೆ 180 ಗಜ.

ಈ ಎರಡು ಸಂಖ್ಯೆಗಳೇ ನನ್ನ ರೈಫಲನ್ನು ಆರಿಸಿಕೊಟ್ಟವು. ಗೆಳೆಯ ಅಳೆಯುವ ಯಂತ್ರ ಕೊಟ್ಟು, "ಮೊದಲು ದೂರ ನೋಡ್ಕೋ, ಅಂಗಡಿ ಆಮೇಲೆ" ಅಂದಿದ್ದ.

ಅದಕ್ಕೂ ಮೊದಲು ನನ್ನ ಮನಸ್ಸು ಪೂರ್ತಿ ಬೇರೆ ಕಡೆ ಇತ್ತು. 44 ಮ್ಯಾಗ್ನಮ್‌ನ ಲಿವರ್ ರೈಫಲ್ (ಕೆಳಗಿನ ಹಿಡಿ ಎಳೆದು ತೋಟಾ ಏರಿಸುವಂಥದ್ದು) ಒಂದು, ಅದೇ 44ರ ರಿವಾಲ್ವರ್ ಒಂದು. ಎರಡಕ್ಕೂ ಒಂದೇ ತೋಟಾ, ಒಂದೇ ಡಬ್ಬಿ. ಕೇಳಲು ಎಷ್ಟು ಚೆನ್ನಾಗಿದೆ ಅಲ್ವಾ? ಪೊದೆಯ ಜಾಗದಲ್ಲಿ, 100 ಗಜದ ಒಳಗೆ, ಆ ಜೋಡಿ ನಿಜಕ್ಕೂ ಒಳ್ಳೆಯದು. ಆದರೆ 44ರ ಗುಂಡು ದಪ್ಪ, ಗಿಡ್ಡ, ನಿಧಾನ. 100 ಗಜದಲ್ಲಿ ಸರಿಯಾಗಿ ಬೀಳುವ ಹಾಗೆ ಗುರಿ ಕೂಡಿಸಿದರೆ 150 ಗಜಕ್ಕೇ ಅರ್ಧ ಅಡಿಗಿಂತ ಜಾಸ್ತಿ ಕೆಳಗೆ ಬೀಳುತ್ತದೆ. 180ರಲ್ಲಿ ನಿಂತ ಜಿಂಕೆಗೆ ಅಂದಾಜಿನ ಮೇಲೆ ಹೊಡೆಯಬೇಕು. ಅಂದಾಜಿಗೆ ಹೊಡೆದರೆ ಸಾಯುವುದಿಲ್ಲ, ಗಾಯವಾಗಿ ಓಡುತ್ತದೆ.

30-30ರ ಮೇಲೂ ಆಸೆ ಇತ್ತು. 1895ರ ತೋಟಾ, ಅಮೆರಿಕದಲ್ಲಿ ಜಿಂಕೆ ಬೇಟೆ ಅಂದರೆ ಅಜ್ಜಂದಿರು ಅದನ್ನೇ ಹೆಸರಿಸುತ್ತಾರೆ. ಅದರ ಕೊಳವೆ ಮ್ಯಾಗಜಿನ್‌ನಲ್ಲಿ ತೋಟಾಗಳು ಒಂದರ ಹಿಂದೆ ಒಂದು ನಿಲ್ಲುತ್ತವೆ. ಹಿಂದಿನದರ ಚೂಪು ಮೂತಿ ಮುಂದಿನದರ ಬುಡದಲ್ಲಿರುವ, ಬಡಿದರೆ ಕಿಡಿ ಹಚ್ಚುವ ಪ್ರೈಮರ್‌ಗೆ ಬಡಿದರೆ ಒಳಗೇ ಸಿಡಿಯಬಹುದು. ಅದಕ್ಕೇ ಮೂತಿ ಚಪ್ಪಟೆ ಇರುವ ಗುಂಡನ್ನೋ, ಮೆತ್ತನೆ ತುದಿ ಇರುವ ಹೊಸ ನಮೂನೆಯದ್ದನ್ನೋ ಹಾಕಬೇಕು. 150 ಗಜದವರೆಗೆ ಅದೂ ಸಾಕಿತ್ತು. 223 ಅನ್ನುವ ಸಣ್ಣ ತೋಟಾದಲ್ಲಿ ಹಂದಿ ಹೊಡೆಯುವವರು ಇಲ್ಲಿ ಬೇಕಾದಷ್ಟು ಜನ. ಓರೆಯಾಗಿ ನಿಂತ ದೊಡ್ಡ ಗಂಡು ಹಂದಿಗೆ ನನಗೆ ಧೈರ್ಯ ಸಾಲಲಿಲ್ಲ. ಆಫೀಸಿನಲ್ಲಿ ಎಲ್ಲರ ಬಾಯಲ್ಲೂ ಇನ್ನೊಂದು ತೋಟಾ, 6.5 ಕ್ರೀಡ್‌ಮೂರ್. ಒಳ್ಳೆಯದೇ, ಆದರೆ ಅದರ ನಿಜವಾದ ಗುಣ ಕಾಣುವುದು ನಾನು ಯಾವತ್ತೂ ಹೊಡೆಯದ ದೂರದಲ್ಲಿ.

ಕೊನೆಗೆ ಕೊಂಡಿದ್ದು 308 ವಿಂಚೆಸ್ಟರ್‌ನ ಸಾದಾ ಬೋಲ್ಟ್ ಆಕ್ಷನ್, ಅಂದರೆ ಪ್ರತಿ ಗುಂಡಿಗೂ ಕೈಯಿಂದ ಬೋಲ್ಟ್ ಎಳೆದು ತಳ್ಳುವ ರೈಫಲ್. 1952ರಿಂದ ಇರುವ ತೋಟಾ, ಯಾವ ಊರಿನ ಅಂಗಡಿಯಲ್ಲೂ ಸಿಗುತ್ತದೆ. 150 ಗ್ರೇನ್ ತೂಕದ ಗುಂಡು ನಳಿಗೆಯಿಂದ ಸೆಕೆಂಡಿಗೆ ಸುಮಾರು 2,800 ಅಡಿ ವೇಗದಲ್ಲಿ ಹೊರಡುತ್ತದೆ. 100 ಗಜಕ್ಕೆ ಕೂಡಿಸಿದರೆ 200 ಗಜದಲ್ಲಿ ಸುಮಾರು ನಾಲ್ಕು ಇಂಚು ಕೆಳಗೆ, ಅಷ್ಟೇ. ಅಂದರೆ ನನ್ನ ದಾರಿಯ ಉದ್ದಕ್ಕೂ ಲೆಕ್ಕ ಹಾಕುವ ಕೆಲಸವೇ ಇಲ್ಲ. ಹೆಗಲಿಗೆ ಒದೆತ ಇದೆ, ಹೆದರಿಸುವಷ್ಟಿಲ್ಲ. ಮೇಲೆ 3ರಿಂದ 9 ಪಟ್ಟು ದೊಡ್ಡದಾಗಿ ತೋರಿಸುವ ಸ್ಕೋಪ್. ಅದನ್ನು ಯಾವಾಗಲೂ 3ರಲ್ಲೇ ಇಡುತ್ತೇನೆ. 9ರಲ್ಲಿ ಬಿಟ್ಟು ಮರೆತರೆ ಹತ್ತಿರ ಬಂದ ಪ್ರಾಣಿ ಬರೀ ಕೂದಲಾಗಿ ಕಾಣುತ್ತದೆ, ಯಾವ ಭಾಗ ಅಂತಲೇ ಗೊತ್ತಾಗುವುದಿಲ್ಲ. ಒಂದು ಶನಿವಾರ ಬೆಳಿಗ್ಗೆ ಹೋಗಿ, ಬಂದೂಕು ಕೊಳ್ಳುವವರು ತುಂಬಬೇಕಾದ ಫೆಡರಲ್ ಫಾರಂ 4473 ತುಂಬಿ, ತಪಾಸಣೆ ಮುಗಿಸಿ, ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದಿದ್ದೆ.

ರಿವಾಲ್ವರ್ ವಿಷಯದಲ್ಲಿ ನಾನು ದೂರ ಅಳೆಯಲಿಲ್ಲ. ಕೈಯನ್ನೂ ಅಳೆಯಲಿಲ್ಲ. ಗಾಯವಾದ ಹಂದಿಯನ್ನು ಪೊದೆಯೊಳಗೆ ಹುಡುಕುವಾಗ ಸೊಂಟದಲ್ಲಿ ಒಂದಿರಬೇಕು, ಸಾಧ್ಯವಾದರೆ ಮುಂದೆ ಅದರಲ್ಲೇ ಜಿಂಕೆಯನ್ನೂ ಹೊಡೆಯಬೇಕು ಅಂತಿತ್ತು. ಅಂಗಡಿಯವನು ಒಂದು ತೋರಿಸಿದ. 44 ಮ್ಯಾಗ್ನಮ್, ಗಿಡ್ಡ ನಳಿಗೆ, ಹಗುರ. "ಇಡೀ ದಿನ ಸೊಂಟದಲ್ಲಿದ್ದರೂ ಗೊತ್ತಾಗಲ್ಲ" ಅಂದ. ನಿಜ, ಸೊಂಟಕ್ಕೆ ಗೊತ್ತಾಗಲಿಲ್ಲ. ಮೊದಲ ಗುಂಡಿಗೆ ಕೈಗೆ ಗೊತ್ತಾಯಿತು. ತೋಟಾ ಅಷ್ಟೇ ಜೋರಿನದ್ದು, ಅದನ್ನು ತಡೆಯುವ ತೂಕ ಮಾತ್ರ ಇಲ್ಲ. ಆರು ಗುಂಡು ಹೊಡೆಯುವಷ್ಟರಲ್ಲಿ ಹೆಬ್ಬೆರಳಿನ ಬುಡ ಊದಿಕೊಂಡಿತು.

ಕೈ ನೋವು ದೊಡ್ಡ ವಿಷಯವಲ್ಲ. ತೊಂದರೆ ಆದದ್ದು ತಲೆಗೆ. ಮೂರನೇ ವಾರದಿಂದ ಟ್ರಿಗರ್ ಎಳೆಯುವ ಮೊದಲೇ ನನ್ನ ಮಣಿಕಟ್ಟು ಕೆಳಗೆ ಕುಗ್ಗುತ್ತಿತ್ತು. ನನಗೆ ಅದು ಗೊತ್ತೇ ಇರಲಿಲ್ಲ. ಗೆಳೆಯ ಒಂದು ಆಟ ಆಡಿಸಿದ. ಆರು ಕೋಣೆಯಲ್ಲಿ ಮೂರಕ್ಕೆ ತೋಟಾ, ಮೂರಕ್ಕೆ ಹೊಡೆದ ಖಾಲಿ ಕೇಸು ತುಂಬಿ, ನನಗೆ ತೋರಿಸದೆ ತಿರುಗಿಸಿ ಕೊಟ್ಟ. ಖಾಲಿ ಬಂದಾಗ ನಳಿಗೆಯ ತುದಿ ಎರಡು ಇಂಚು ಕೆಳಗೆ ಬಾಗಿತು. ಗುಂಡೂ ಇಲ್ಲ, ಸದ್ದೂ ಇಲ್ಲ, ನಾನು ಮಾತ್ರ ಬೆಚ್ಚಿಬಿದ್ದಿದ್ದೆ. ನಕ್ಕುಬಿಟ್ಟೆವು. ರಾತ್ರಿ ಮನೆಗೆ ಬರುವಾಗ ನಗು ಬರಲಿಲ್ಲ.

ಈ ಕೈಯಲ್ಲೇ ಆ ವರ್ಷದ ನವೆಂಬರ್‌ನಲ್ಲಿ ಹೊರಟಿದ್ದೆ. ಸಂಜೆ ಐದೂವರೆ, ಜೋಳದ ಹತ್ತಿರ ಏಳು ಹಂದಿ. ದೊಡ್ಡದೊಂದು ಅಡ್ಡ ನಿಂತಿತು. ರೈಫಲ್‌ನಿಂದ, ಜಿಂಕೆಗೆ ಹೊಡೆದ ಹಾಗೆಯೇ ಭುಜದ ಹಿಂದೆ ಗುರಿ ಇಟ್ಟು ಹೊಡೆದೆ. ತಪ್ಪಾಗಿದ್ದು ಅಲ್ಲೇ. ಹಂದಿಯ ಹೃದಯ, ಶ್ವಾಸಕೋಶ ಜಿಂಕೆಯದ್ದಕ್ಕಿಂತ ಮುಂದೆ ಇರುತ್ತವೆ, ಕೆಳಗೂ ಇರುತ್ತವೆ. ಬೆನ್ನ ಮೇಲಿನ ಕೂದಲು, ಮಾಂಸ ನೋಡಿ ನಡುಭಾಗ ಅಂದುಕೊಂಡ ಜಾಗ ನಿಜಕ್ಕೂ ಮೇಲಾಗಿರುತ್ತದೆ. ಮುಂಗಾಲಿನ ನೇರಕ್ಕೆ, ಕೆಳಗಿನ ಮೂರನೇ ಒಂದು ಭಾಗದಲ್ಲಿ ಹೊಡೆಯಬೇಕು. ನನ್ನ ಗುಂಡು ಹಿಂದಕ್ಕೆ ಬಿತ್ತು. ಹಂದಿ ಸೀಡರ್ ಪೊದೆಗೆ ನುಗ್ಗಿತು.

ಅರ್ಧ ಗಂಟೆ ಕಾದು ಟಾರ್ಚ್ ಹಿಡಿದು ಇಬ್ಬರೂ ಹೋದೆವು. ರಕ್ತ ಕಮ್ಮಿ, ಹಂದಿಯ ಕೊಬ್ಬು ಗಾಯವನ್ನು ಮುಚ್ಚಿಬಿಡುತ್ತದೆ. 60 ಗಜ ಒಳಗೆ ಅದು ಮಲಗಿತ್ತು, ಜೀವ ಇತ್ತು. ಆರು ಗಜದಿಂದ ರಿವಾಲ್ವರ್‌ನಲ್ಲಿ ಹೊಡೆದೆ. ಮೊದಲನೆಯದು ಕಲ್ಲಿಗೆ ಬಿತ್ತು. ಆರು ಗಜ! ಅದೇ ಕುಗ್ಗುವ ಮಣಿಕಟ್ಟು. ಎರಡನೆಯದಕ್ಕೆ ಮುಗಿಯಿತು. ಅವಸರದಲ್ಲಿ ಕಿವಿಗೆ ಏನೂ ಹಾಕಿರಲಿಲ್ಲ. ಎರಡು ದಿನ ಕಿವಿಯಲ್ಲಿ ಜೀರುಂಡೆ. ಎಡಗಿವಿ ಈಗಲೂ ಅಷ್ಟಕ್ಕಷ್ಟೇ. ಆ ಹಂದಿ ಅರ್ಧ ಗಂಟೆ ಬಿದ್ದಿದ್ದು ನನ್ನಿಂದ ಅನ್ನುವುದು ಇನ್ನೂ ಚುಚ್ಚುತ್ತದೆ.

ಆ ರಿವಾಲ್ವರ್ ಮಾರಿದ್ದು ಅದಾದ ಮೇಲೆ. ಈ ಸಲ ಪೇಪರ್ ತಟ್ಟೆಯಿಂದ ಶುರು ಮಾಡಿದೆ. ಆರು ಇಂಚಿನ ತಟ್ಟೆ, ಜಿಂಕೆಯ ಎದೆಯ ಒಳಗಿನ ಜಾಗಕ್ಕಿಂತ ಸ್ವಲ್ಪ ಚಿಕ್ಕದು. ಬೇರೆ ಬೇರೆ ಜನರ ರಿವಾಲ್ವರ್ ಕೇಳಿ ಪಡೆದು ಹೊಡೆದೆ. ಆರಕ್ಕೆ ಆರೂ ತಟ್ಟೆಯಲ್ಲಿ ಬೀಳುವ ದೂರ ಎಷ್ಟೋ ಅದೇ ನನ್ನ ದೂರ, ಐದು ಬಿದ್ದರೆ ಲೆಕ್ಕಕ್ಕಿಲ್ಲ. 357 ಮ್ಯಾಗ್ನಮ್ ಕೈಗೆ ಹಿತವಾಗಿತ್ತು, ಜಿಂಕೆಗೆ ಹತ್ತಿರದಿಂದ ಸಾಕೂ ಸಾಕು. ಬಲಿತ ಗಂಡು ಹಂದಿಯ ಭುಜದ ಮೇಲೆ ಗಟ್ಟಿ ಚರ್ಮದ ಗುರಾಣಿಯೇ ಇರುತ್ತದೆ. ಅದನ್ನು ಮೊದಲ ಸಲ ಚಾಕುವಿನಿಂದ ಕೊಯ್ದ ಮೇಲೆ ನನಗೆ 44 ಬಿಡುವ ಮನಸ್ಸಾಗಲಿಲ್ಲ.

ಹಾಗಾಗಿ ಅದೇ 44 ಮ್ಯಾಗ್ನಮ್, ಬೇರೆ ದೇಹ. ರೂಗರ್ ಸೂಪರ್ ಬ್ಲ್ಯಾಕ್‌ಹಾಕ್, ಏಳೂವರೆ ಇಂಚಿನ ನಳಿಗೆ, ಸುಮಾರು 1.36 ಕಿಲೋ ತೂಕ. ಸಿಂಗಲ್ ಆಕ್ಷನ್, ಅಂದರೆ ಪ್ರತಿ ಸಲ ಕುದುರೆಯನ್ನು (ತೋಟಾ ಸಿಡಿಸುವ ಸುತ್ತಿಗೆ) ಹೆಬ್ಬೆರಳಿನಿಂದ ಎಳೆಯಬೇಕು. ನಿಧಾನ ಅನ್ನುವವರಿದ್ದಾರೆ. ನನಗೆ ಆ ನಿಧಾನವೇ ಬೇಕಿತ್ತು. ಹಳೆಯ ಕಾಲದ ಸಿಂಗಲ್ ಆಕ್ಷನ್‌ಗಳಲ್ಲಿ ಕುದುರೆಯ ಕೆಳಗಿನ ಕೋಣೆ ಖಾಲಿ ಬಿಟ್ಟು ಐದೇ ತೋಟಾ ತುಂಬಬೇಕು, ಕೆಳಗೆ ಬಿದ್ದರೆ ಹಾರೀತು ಅಂತ. 1973ರಿಂದ ಈಚಿನ ರೂಗರ್ ಮಾದರಿಗಳಲ್ಲಿ ಟ್ರಿಗರ್ ಎಳೆಯದೆ ಗುಂಡು ಹಾರದಂತೆ ತಡೆಯುವ ಟ್ರಾನ್ಸ್‌ಫರ್ ಬಾರ್ ಇರುವುದರಿಂದ ಆರೂ ತುಂಬಬಹುದು. ಹಳೆಯದು ಕೊಳ್ಳುವವರು ಇದನ್ನು ಕೇಳಿಕೊಂಡೇ ಕೊಳ್ಳಿ.

ಮೊದಲ ನಾಲ್ಕು ತಿಂಗಳು ಮ್ಯಾಗ್ನಮ್ ಮುಟ್ಟಲೇ ಇಲ್ಲ. 44 ಮ್ಯಾಗ್ನಮ್ ರಿವಾಲ್ವರ್‌ಗೆ 44 ಸ್ಪೆಷಲ್ ಅನ್ನುವ ಗಿಡ್ಡ ತೋಟಾ ಹೊಂದುತ್ತದೆ. ಒದೆತ ಅರ್ಧಕ್ಕರ್ಧ ಕಮ್ಮಿ. ಅದರಲ್ಲೇ ನೂರಾರು ಗುಂಡು. ಪ್ರತಿ ಸಲ ಖಾಲಿ ಕೇಸಿನ ಆಟ, ನಳಿಗೆ ಅಲುಗಾಡದ ತನಕ. ಕಿವಿಗೆ ಒಳಗೊಂದು, ಮೇಲೊಂದು. ಇನ್ನೊಂದು ಅಭ್ಯಾಸ ಬೆರಳಿಗೆ. ರೈಫಲ್ ಹಿಡಿದ ಹಾಗೆ ಎಡಗೈಯನ್ನು ನಳಿಗೆಯ ಕೆಳಗೆ ಮುಂದೆ ಚಾಚಬಾರದು. ಸಿಲಿಂಡರ್ ಮತ್ತು ನಳಿಗೆಯ ನಡುವಿನ ಸಂದಿಯಿಂದ ಬಿಸಿ ಗಾಳಿ ಚಾಕುವಿನ ಹಾಗೆ ಚಿಮ್ಮುತ್ತದೆ. ಬೆರಳು ಅಲ್ಲಿದ್ದರೆ ದೇವರೇ ಗತಿ.

ಕೈಯಲ್ಲೇ ಹಿಡಿದು 25 ಗಜ, ಕೋಲಿನ ಆಸರೆ ಇದ್ದರೆ 40. ಎರಡು ವರ್ಷದ ಕೊನೆಗೆ ನನ್ನ ಅಳತೆ ಅಷ್ಟೇ. 240 ಗ್ರೇನ್ ಗುಂಡು 100 ಗಜದಲ್ಲೂ ಜಿಂಕೆ ಕೊಲ್ಲುತ್ತದೆ, ಅದು ಗುಂಡಿನ ಸಾಮರ್ಥ್ಯ. ನನ್ನದು 40. ಹಾಗಾಗಿ ರಿವಾಲ್ವರ್‌ನಲ್ಲಿ ಬೇಟೆ ಅಂದರೆ ಕೂರುವ ಜಾಗವನ್ನೇ ಬದಲಾಯಿಸಬೇಕಾಯಿತು. ಗೂಡು ಬಿಟ್ಟು, ಜಿಂಕೆ ನೀರಿಗೆ ಇಳಿಯುವ ದಾರಿಯ ಪಕ್ಕ ಓಕ್ ಬುಡದಲ್ಲಿ ಕೂತೆ. ಮೂರು ಸಂಜೆ ಏನೂ ಆಗಲಿಲ್ಲ. ಒಂದು ಸಲ 55 ಗಜದಲ್ಲಿ ಒಳ್ಳೆಯ ಗಂಡು ಹತ್ತು ನಿಮಿಷ ನಿಂತು ಹೋಯಿತು, ನೋಡಿಕೊಂಡು ಕೂತೆ. ನಾಲ್ಕನೇ ಸಂಜೆ 28 ಗಜದಲ್ಲಿ ಒಂದು ಹೆಣ್ಣು. ಒಂದೇ ಗುಂಡು, 30 ಗಜ ಓಡಿ ಬಿತ್ತು. ಲೈಸೆನ್ಸಿನ ಚೀಟಿ ಹರಿದು, ತಾರೀಖು ಕತ್ತರಿಸಿ ಕಟ್ಟುವಾಗ ಕೈ ನಡುಗುತ್ತಿತ್ತು.

ಹಂದಿ ಕೊಯ್ಯುವಾಗ ಮಾತ್ರ ಕೈಗವಸು ಬಿಡಬೇಡಿ. ಇಲ್ಲಿನ ಹಂದಿಗಳಲ್ಲಿ ಬ್ರುಸೆಲ್ಲೋಸಿಸ್ ಅನ್ನುವ ಸೋಂಕು ಇದೆ, ರಕ್ತದಿಂದ ಮನುಷ್ಯರಿಗೂ ಬರುತ್ತದೆ. ಮಾಂಸ 71 ಡಿಗ್ರಿ ಸೆಲ್ಸಿಯಸ್ ದಾಟುವ ತನಕ ಬೇಯಬೇಕು. ನಮ್ಮ ಮನೆಯಲ್ಲಿ ಆ ಚಿಂತೆ ಇಲ್ಲ. ಕರಿಮೆಣಸು ಹುರಿದು, ಊರಿಂದ ಬಂದ ಕಾಚಂಪುಳಿ ಬಿದ್ದ ಮೇಲೆ ಒಂದೂವರೆ ಗಂಟೆ ಒಲೆಯ ಮೇಲಿರುತ್ತದೆ. ಗೆಳೆಯ ಅದನ್ನು ತಿಂದ ಮೇಲೆ ರೈಫಲ್, ರಿವಾಲ್ವರ್ ಮಾತು ಬಿಟ್ಟ. ಈಗ ಅವನು ಕೇಳುವುದು ಒಂದೇ, ಆ ಕಪ್ಪು ಹುಳಿಯ ಬಾಟಲಿ ಮುಂದಿನ ಸಲ ಯಾವಾಗ ಬರುತ್ತದೆ ಅಂತ.