ಮೊದಲು ಅಂಗಳ, ಆಮೇಲೆ ಕಂಪ್ಯೂಟರ್: ನನ್ನ ಅನುಭವ

"ಟೈಪಿಂಗ್ ಕಲಿಸಿ ಮಾಸ್ತರೇ, ಈ ಗೆರೆ ಎಳೆಯೋದೆಲ್ಲ ಯಾಕೆ?" ಶಿರಸಿಯಲ್ಲಿ ಬೇಸಿಗೆ ಕ್ಲಾಸ್ ಶುರು ಮಾಡಿದಾಗ ಪಾಲಕರು ಹೀಗೆ ಕೇಳಿದ್ದರು. ಮೂರು ವರ್ಷ ಆಯ್ತು. ಈ ಸಲ ಹತ್ತು-ಹನ್ನೊಂದು ವರ್ಷದ ಮಕ್ಕಳೇ ಲೆಕ್ಕ ಹಾಕಿ ಲೋಗೋದಲ್ಲಿ (ಇಷ್ಟು ನಡೆ, ಇಷ್ಟು ಡಿಗ್ರಿ ತಿರುಗು ಅಂತ ಆಜ್ಞೆ ಕೊಟ್ಟು ಸ್ಕ್ರೀನಿನ 'ಆಮೆ'ಯಿಂದ ಗೆರೆ ಎಳೆಸೋ ಕಂಪ್ಯೂಟರ್ ಭಾಷೆ) ಹೂವು, ನಕ್ಷತ್ರ, ಜೇನುಗೂಡು ಬಿಡಿಸಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ವರ್ಷ ಬರೀ ನಷ್ಟ. ಹುಬ್ಬಳ್ಳಿಯಿಂದ ನಾಲ್ಕು ಹಳೇ ಕಂಪ್ಯೂಟರ್ ತಂದಿದ್ದೆ, ಒಂದಕ್ಕೆ 6,500ದ ಹಾಗೆ. ಮೇ ತಿಂಗಳ ಸಿಡಿಲಿಗೆ ಒಂದರ ಎಸ್‌ಎಂಪಿಎಸ್, ಅಂದರೆ ಒಳಗಿನ ಭಾಗಗಳಿಗೆ ಕರೆಂಟ್ ಕೊಡೋ ಪೆಟ್ಟಿಗೆ, ಸುಟ್ಟಿತು. ಯುಪಿಎಸ್ ಬ್ಯಾಟರಿ ಬೇರೆ. ಹದಿನಾಲ್ಕು ಮಕ್ಕಳು, ತಲಾ 400 ರೂಪಾಯಿ ಫೀಸು. ಅದು ಕರೆಂಟಿಗೂ ಕಲರ್ ಪ್ರಿಂಟಿಗೂ ಸಾಲಲಿಲ್ಲ.

ಕಲಿಸಿದ್ದೂ ಹತ್ತಲಿಲ್ಲ. ಚೌಕ ಎಲ್ಲರಿಗೂ ಬಂತು, ತ್ರಿಕೋನಕ್ಕೆ ಸಿಕ್ಕಿಬಿದ್ದರು. ಸಮಬಾಹು ತ್ರಿಕೋನದ ಮೂಲೆ 60 ಡಿಗ್ರಿ ಅಂತ ಶಾಲೆಯಲ್ಲಿ ಕಲಿತಿದ್ದರು, ಆಮೆ ತಿರುಗೋಕೂ ಅದನ್ನೇ ಹಾಕಿದರು. ಸ್ಕ್ರೀನಿನಲ್ಲಿ ಬಂದದ್ದು ಓರೆಯಾಗಿ ಕವುಚಿಟ್ಟ ಬಾಣಲೆ! 120 ಹಾಕಿ ಅಂತ ಹೇಳಿಕೊಟ್ಟೆ. ಹಾಕಿದರು, ತ್ರಿಕೋನ ಬಂತು, ಯಾಕೆ ಅಂತ ಒಬ್ಬರಿಗೂ ಗೊತ್ತಾಗಲಿಲ್ಲ.

ಎರಡನೇ ವರ್ಷ ಕಂಪ್ಯೂಟರ್ ಮುಚ್ಚಿಟ್ಟು ಅಂಗಳಕ್ಕೆ ಕರೆದೊಯ್ದೆ. ಅಡಿಕೆ ಒಣಗಿಸೋ ಕೆಲಸ ಮುಗಿದಿರುತ್ತೆ, ಏಪ್ರಿಲಿನಲ್ಲಿ ಅಂಗಳ ಖಾಲಿ. ಒಬ್ಬ ಆಮೆ, ಇನ್ನೊಬ್ಬ ಆಜ್ಞೆ ಕೊಡುವವನು, ಆಮೆಯ ಕೈಯಲ್ಲಿ ರಂಗೋಲಿ ಪುಡಿ. ಮೂಲೆಗೆ ಬಂದ ಹುಡುಗಿ 60 ತಿರುಗಿ ನಡೆದಳು, ತ್ರಿಕೋನ ಬಿಟ್ಟು ಬಾವಿಕಟ್ಟೆ ಕಡೆ ಹೋದಳು. ವಾಪಸ್ ಬಂದು ಮೂಲೆಯಲ್ಲಿ ನಿಂತು, ಮೂಗಿನ ಮುಂದೆ ಕೈ ಚಾಚಿ, ನಿಧಾನಕ್ಕೆ ತಿರುಗಿದಳು. "ಸರ್, ಗೆರೆಗಳ ಒಳಗಿನ ಮೂಲೆ ಅಲ್ಲ, ನಾನು ತಿರುಗೋದು ಲೆಕ್ಕ!" ಒಂದು ಸುತ್ತಿಗೆ ಮೂಗು 360 ತಿರುಗುತ್ತೆ, ಮೂರು ಸಲ ತಿರುಗಿದರೆ ತಲಾ 120. ನಾನು ಒಂದು ಮಾತೂ ಹೇಳಿರಲಿಲ್ಲ. ಲೋಗೋ ಹುಟ್ಟಿದ್ದು 1967ರಲ್ಲಿ, ಅದರ ಮೊದಲ ಆಮೆಯೂ ನೆಲದ ಮೇಲೆ ಓಡಾಡೋ ಯಂತ್ರವೇ ಆಗಿತ್ತು. ಮಕ್ಕಳಿಗೆ ನೆಲವೇ ಮೊದಲು ಬೇಕು ಅಂತ ನನಗೆ ಗಟ್ಟಿಯಾಯ್ತು.

ಆಮೇಲೆ ಸಲೀಸು. ಚೌಕ ಬಿಡಿಸಿ 10 ತಿರುಗು, 36 ಸಲ ರಿಪೀಟ್: ಹೂವು. ಒಬ್ಬ 10ರ ಬದಲು 7 ಹಾಕಿದ, ಹೂವು ಅರ್ಧಕ್ಕೇ ನಿಂತಿತು. ಅವನು ಬಿಡಲಿಲ್ಲ, 360 ಸಲ ರಿಪೀಟ್ ಕೊಟ್ಟ. ಸ್ಕ್ರೀನ್ ಪೂರ್ತಿ ಗಿಜಿಗಿಜಿ, ಆದರೂ ಏಳು ಸುತ್ತು ಹಾಕಿ ಸರಿಯಾಗಿ ಮುಚ್ಚಿತು! ಐದು ಮೂಲೆಯ ನಕ್ಷತ್ರಕ್ಕೆ 144 ಅಂತ ಇನ್ನೊಬ್ಬಳು ಕಂಡುಹಿಡಿದಳು, ಮೂಗು ಎರಡು ಸುತ್ತು ತಿರುಗುತ್ತೆ ಅಂತ ಎಣಿಸಿ. ಮೂರನೇ ದಿನ ನಾನು ಕೊಡುವ ಎರಡು ಸಂಖ್ಯೆಗಳಿವೆ, ಕ್ಲಾಸಿನ ಜೀವ ಅಲ್ಲೇ ಇದೆ. ಅದನ್ನು ಇಲ್ಲಿ ಬರೆಯೋದಿಲ್ಲ.

ನಡುವೆ ಒಂದು ಪ್ರಯೋಗ. ರಟ್ಟಿನ ಪಂಚಕೋನ ಕತ್ತರಿಸಿ ನೆಲ ತುಂಬಿಸೋಕೆ ಹೇಳಿದೆ. ಮೂರು ಕೂಡಿಸಿದರೆ 36 ಡಿಗ್ರಿ ಸಂದಿ ಉಳಿಯುತ್ತೆ, ನಾಲ್ಕನೆಯದು ಹಿಡಿಸೋದಿಲ್ಲ. ಷಟ್ಕೋನ ಹಾಕಿದಾಗ ಜೇನುಗೂಡಿನ ಹಾಗೆ ಕೂತಿತು. ಮಲೆನಾಡಿನ ದೀವರು ಗೋಡೆ ಮೇಲೆ ಬರೆಯೋ ಹಸೆ ಚಿತ್ತಾರವನ್ನೂ ಪ್ರಯತ್ನಿಸಿದೆವು, ಕೆಂಪು ಹಿನ್ನೆಲೆಗೆ ಬಿಳಿ ಗೆರೆ. ಅಂಚಿನ ತ್ರಿಕೋನದ ಸಾಲು ಚೆನ್ನಾಗಿ ಬಂತು. ಒಳಗಿನ ಚಿತ್ರ ಇನ್ನೂ ಬಾಕಿ.

ಈ ವರ್ಷ ಇಪ್ಪತ್ತೆರಡು ಮಕ್ಕಳು, ಫೀಸು 600. ಮೊದಲ ಸಲ ಖರ್ಚು ಹೋಗಿ ಎರಡು ಸಾವಿರದಷ್ಟು ಉಳಿಯಿತು. ಟೈಪಿಂಗ್ ಕೇಳಿದ್ದವರ ಮನೆಯಿಂದಲೇ ಇಬ್ಬರು ಬಂದಿದ್ದರು. ಮಳೆಗಾಲದಲ್ಲಿ ಅಂಗಳ ಸಿಗೋದಿಲ್ಲ, ಜಗಲಿಯಲ್ಲೇ ಸೀಮೆಸುಣ್ಣ ಹಿಡಿದು ನಡೆಸಬೇಕು. ಹೆಜ್ಜೆ ಮಾತ್ರ ಸ್ವಲ್ಪ ಚಿಕ್ಕದು.