ಎಂಟನೇ ಮೈಲಿಯಿಂದ ಜ್ಞಾನಭಾರತಿಗೆ

ತಿಪಟೂರಿನಿಂದ ಎಂ.ಎಸ್ಸಿ. ಓದಲು ಬೆಂಗಳೂರಿಗೆ ಬಂದದ್ದು 2023ರ ಕೊನೆಯಲ್ಲಿ. ಸೀಟು ಸಿಕ್ಕಿದ್ದು ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ ಆವರಣದಲ್ಲಿ, ಉಳಿಯಲು ಜಾಗ ಸಿಕ್ಕಿದ್ದು ಟಿ. ದಾಸರಹಳ್ಳಿಯ ಚಿಕ್ಕಮ್ಮನ ಮನೆಯಲ್ಲಿ. ಮನೆ ತುಮಕೂರು ರಸ್ತೆಗೆ, ಓದು ಮೈಸೂರು ರಸ್ತೆಗೆ. "ಒಂದು ಸ್ಕೂಟಿ ಕೊಡಿಸಿಬಿಡಿ ಭಾವ, ಹುಡುಗಿ ಒದ್ದಾಡುತ್ತಾಳೆ" ಎಂದು ಚಿಕ್ಕಮ್ಮ ಫೋನಿನಲ್ಲಿ ಹೇಳಿದರೆ ಅಪ್ಪ, "ಕೊಬ್ಬರಿಗೆ ಬೆಲೆ ಬರಲಿ, ನೋಡೋಣ" ಎಂದರು. ಆ ವರ್ಷ ಕೊಬ್ಬರಿ ಬೆಲೆ ನೆಲ ಕಚ್ಚಿತ್ತು. ಸ್ಕೂಟಿಯ ಮಾತು ಅಲ್ಲಿಗೇ ನಿಂತಿತು.

ನನ್ನ ಮುಂದೆ ಇದ್ದದ್ದು ಎರಡು ದಾರಿ. ಒಂದು ಮೆಟ್ರೊ: ದಾಸರಹಳ್ಳಿಯಲ್ಲಿ ಹಸಿರು ಮಾರ್ಗ ಹತ್ತಿ, ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿ, ಜ್ಞಾನಭಾರತಿಯಲ್ಲಿ ಇಳಿಯುವುದು. ನಕ್ಷೆಯಲ್ಲಿ ನೋಡಿದರೆ ಇದು ಮೂಗನ್ನು ಸುತ್ತಿ ಬಳಸಿ ಹಿಡಿದಂತೆ, ಊರ ನಡುವಿಗೆ ಹೋಗಿ ಮತ್ತೆ ಅಂಚಿಗೆ ಬರಬೇಕು. ಇನ್ನೊಂದು ಬಸ್ಸು: ದಾಸರಹಳ್ಳಿಯ ಎಂಟನೇ ಮೈಲಿ ಸ್ಟಾಪಿನಿಂದ ಗೊರಗುಂಟೆಪಾಳ್ಯ, ಅಲ್ಲಿಂದ ರಿಂಗ್ ರೋಡಿನ ಬಸ್ಸಿನಲ್ಲಿ ಲಗ್ಗೆರೆ, ಸುಮನಹಳ್ಳಿ, ನಾಗರಬಾವಿ. ದೂರ ಕಡಿಮೆ. ಖರ್ಚಂತೂ ಇಲ್ಲವೇ ಇಲ್ಲ, ಏಕೆಂದರೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಪ್ರಯಾಣ ಉಚಿತ. ಎ.ಸಿ. ಬಸ್ಸಿಗೆ ಮಾತ್ರ ದುಡ್ಡು ಕೊಡಬೇಕು.

ಪುಕ್ಕಟೆ ಎಂದ ಮೇಲೆ ಯೋಚಿಸುವುದೇನಿದೆ ಎಂದು ಮೊದಲ ದಿನ ಬಸ್ಸನ್ನೇ ಹಿಡಿದೆ. ಗೊರಗುಂಟೆಪಾಳ್ಯದಲ್ಲಿ ರಿಂಗ್ ರೋಡಿನ ಬಸ್ಸು ಬಂತು, ಹತ್ತಿದೆ, ಕಿಟಕಿಯ ಪಕ್ಕ ಸೀಟೂ ಸಿಕ್ಕಿತು. ಆಧಾರ್ ತೋರಿಸಿ "ಜ್ಞಾನಭಾರತಿ" ಎಂದಾಗ ಕಂಡಕ್ಟರ್ ಮೇಡಂ ನನ್ನನ್ನೊಮ್ಮೆ ಕಿಟಕಿಯನ್ನೊಮ್ಮೆ ನೋಡಿ, "ಅದು ನಿಮ್ಮ ಬೆನ್ನ ಹಿಂದೆ ಇದೆಯಮ್ಮ. ಈ ಬಸ್ಸು ಹೆಬ್ಬಾಳಕ್ಕೆ" ಎಂದರು. ರಿಂಗ್ ರೋಡು ಎಂದರೆ ಉಂಗುರ, ಎರಡೂ ಕಡೆಗೆ ಹೋಗುತ್ತದೆ ಎಂಬುದು ಹೊಳೆದದ್ದು ಬಿ.ಇ.ಎಲ್. ಸರ್ಕಲ್‌ನಲ್ಲಿ ಇಳಿದು ರಸ್ತೆ ದಾಟುವಾಗ. ಅಂದಿನಿಂದ ನಾನು ಸೇರಬೇಕಾದ ಊರಿನ ಹೆಸರು ಕೇಳುವುದನ್ನು ಬಿಟ್ಟೆ. ಬಾಗಿಲಿನ ಬಳಿ ನಿಂತು "ಸುಮನಹಳ್ಳಿ ಕಡೆಗಾ?" ಎಂದಷ್ಟೇ ಕೇಳುತ್ತಿದ್ದೆ. ದಾರಿಯಲ್ಲಿ ಮೊದಲು ಸಿಗುವ ದೊಡ್ಡ ಸ್ಟಾಪಿನ ಹೆಸರು ಹೇಳಿದರೆ ಹೌದು, ಇಲ್ಲ ಎಂಬ ಉತ್ತರ ಬಸ್ಸು ಹೊರಡುವ ಮುಂಚೆಯೇ ಸಿಗುತ್ತದೆ.

ನನ್ನದು ಸಂಖ್ಯಾಶಾಸ್ತ್ರ. ಸಲಹೆ ಕೊಡುವವರು ಹೆಚ್ಚಾದಾಗ ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ವಾರ ಲೆಕ್ಕ ಬರೆದಿಟ್ಟೆ, ಎರಡು ವಾರ ಮೆಟ್ರೊ, ಎರಡು ವಾರ ಬಸ್ಸು. ಮನೆಯ ಗೇಟಿನಿಂದ ತರಗತಿಯ ಬಾಗಿಲಿನವರೆಗೆ. ಮೆಟ್ರೊದಲ್ಲಿ ಎಂದೂ ಒಂದೂವರೆ ಗಂಟೆ ಮೀರಲಿಲ್ಲ, ಒಂದೂಕಾಲು ಗಂಟೆಗಿಂತ ಬೇಗ ತಲುಪಿದ್ದೂ ಇಲ್ಲ. ಬಸ್ಸಿನಲ್ಲಿ ಒಂದು ದಿನ 55 ನಿಮಿಷ, ಇನ್ನೊಂದು ದಿನ ಎರಡು ಗಂಟೆ ಹತ್ತು ನಿಮಿಷ. ಸರಾಸರಿ ತೆಗೆದರೆ ಎರಡಕ್ಕೂ ಹೆಚ್ಚುಕಡಿಮೆ ಒಂದೇ ಸಂಖ್ಯೆ ಬಂತು! ಆದರೆ ಆಂತರಿಕ ಪರೀಕ್ಷೆಯ ದಿನ ಸರಾಸರಿಯನ್ನು ಕಟ್ಟಿಕೊಂಡು ಏನು ಮಾಡಲಿ? ಆ ದಿನ ಬೇಕಾದದ್ದು ಅತಿ ಕೆಟ್ಟ ದಿನದ ಸಂಖ್ಯೆ. ಹಾಗಾಗಿ ಬೆಳಿಗ್ಗೆ ಮೆಟ್ರೊ, ಸಂಜೆ ಬಸ್ಸು ಎಂದು ಇತ್ಯರ್ಥವಾಯಿತು. ಹೋಗುವಾಗ ಗಡಿಯಾರ ಕಾಯುತ್ತಿರುತ್ತದೆ, ಬರುವಾಗ ಕಾಯುವವಳು ಚಿಕ್ಕಮ್ಮ ಒಬ್ಬಳೇ.

2025ರ ಫೆಬ್ರುವರಿಯಲ್ಲಿ ಮೆಟ್ರೊ ದರ ಏರಿತು. ಗರಿಷ್ಠ ದರ 60 ರೂಪಾಯಿ ಇದ್ದದ್ದು 90 ಆಯಿತು. ಊರಿನ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹೋಗುವ ನನ್ನಂಥವರಿಗೆ ಬಿದ್ದ ಪೆಟ್ಟು ಸಣ್ಣದಲ್ಲ. ಮೆಟ್ರೊದಲ್ಲಿ ವಿದ್ಯಾರ್ಥಿ ಪಾಸ್ ಎಂಬುದು ಇರಲಿಲ್ಲ. ಸ್ಮಾರ್ಟ್ ಕಾರ್ಡಿಗೆ ಶೇ 5ರ ರಿಯಾಯಿತಿ, ಜನ ಕಡಿಮೆ ಇರುವ ಹೊತ್ತಿನಲ್ಲಿ ಇನ್ನೊಂದು ಶೇ 5. ಮತ್ತೆ ನೋಟ್‌ಬುಕ್ ತೆರೆದೆ. ಮೊದಲ ತರಗತಿ ತಡವಾಗಿ ಇರುವ ಎರಡು ದಿನ ಬೆಳಿಗ್ಗೆಯೂ ಬಸ್ಸಿಗೆ ಬಂದೆ. ನಮ್ಮ ತರಗತಿಯ ಚನ್ನಪಟ್ಟಣದ ಹುಡುಗ ಇದೆಲ್ಲ ಕೇಳಿ ನಗುತ್ತಿದ್ದ. ಅವನು ರೈಲಿನ ಸೀಸನ್ ಪಾಸ್ ಮಾಡಿಸಿಕೊಂಡು ಕೆಂಗೇರಿಯಲ್ಲಿ ಇಳಿದು ಬರುತ್ತಿದ್ದವನು. ತಿಂಗಳಿಗೆ ಅವನು ಕೊಡುತ್ತಿದ್ದದ್ದು ನನ್ನ ಕೆಲವೇ ದಿನಗಳ ಮೆಟ್ರೊ ಖರ್ಚು.

ಉಚಿತ ಟಿಕೆಟ್ಟಿನ ಬಗ್ಗೆ ಒಂದು ಮಾತು. ದುಡ್ಡಿಲ್ಲವಲ್ಲ ಎಂದು ಟಿಕೆಟ್ ತೆಗೆದುಕೊಳ್ಳದೆ ಕೂರುವ ಹುಡುಗಿಯರನ್ನು ನೋಡಿದ್ದೇನೆ. ತೆಗೆದುಕೊಳ್ಳಲೇಬೇಕು, ನಾವು ಹತ್ತಿದ ಲೆಕ್ಕ ಆ ಚೀಟಿಯಲ್ಲೇ ಇರುತ್ತದೆ. ನಾನು ಅವನ್ನು ಎಸೆಯದೆ ಪುಸ್ತಕಗಳಲ್ಲಿ ಗುರುತಿಗೆ ಇಡುತ್ತಿದ್ದೆ. ಸಂಭವನೀಯತೆಯ ಪುಸ್ತಕ ತೆರೆದರೆ ಈಗಲೂ ಸೊನ್ನೆ ರೂಪಾಯಿಯ ಚೀಟಿಗಳು ಉದುರುತ್ತವೆ, ಅಕ್ಷರ ಮಾತ್ರ ಮಾಸಿಹೋಗಿದೆ.

ಜ್ಞಾನಭಾರತಿ ನಿಲ್ದಾಣದಲ್ಲಿ ಇಳಿದರೆ ಮುಗಿಯಿತು ಎಂದು ಹೊಸಬರು ತಿಳಿಯುತ್ತಾರೆ. ಆವರಣವೇ ಸಾವಿರ ಎಕರೆಗೂ ದೊಡ್ಡದು. ಒಳಗೆ ಹೋಗುವ ಬಸ್ಸಿಗೆ ಐದು ನಿಮಿಷ ಕಾಯುತ್ತಿದ್ದೆ, ಬರದಿದ್ದರೆ ನಡಿಗೆ. ಈ ಐದು ನಿಮಿಷದ ನಿಯಮ ಮಾಡಿಕೊಂಡದ್ದು ಒಂದು ದಿನ "ಈಗ ಬರುತ್ತದೆ, ಈಗ ಬರುತ್ತದೆ" ಎಂದು ಅರ್ಧ ಗಂಟೆ ನಿಂತ ಮೇಲೆ. ಮರಗಳ ನೆರಳಿನಲ್ಲಿ ನಡೆಯುವುದೇನೂ ಕಷ್ಟವಲ್ಲ. ಮೈಸೂರು ರಸ್ತೆಯ ಮಗ್ಗುಲಲ್ಲಿ ಹರಿಯುವ ವೃಷಭಾವತಿಯ ವಾಸನೆಯನ್ನು ದಾಟಿ ಒಳಗೆ ಬಂದವರಿಗಂತೂ ಆ ಗಾಳಿಯೇ ಪ್ರಸಾದ. ಚಪ್ಪಲಿ ಹಾಕಿಕೊಂಡು ಓಡಾಡುವುದನ್ನು ಮೊದಲ ಮಳೆಗಾಲದಲ್ಲೇ ಬಿಟ್ಟು ಶೂ ಕೊಂಡೆ. ಎರಡು ವರ್ಷದಲ್ಲಿ ಓಡಾಟಕ್ಕೆಂದು ನಾನು ಕೊಂಡ ದುಬಾರಿ ವಸ್ತು ಅದೊಂದೇ.

ಊರಿಗೆ ಹೋಗುವುದು ಸುಲಭವಾಗಿತ್ತು. ತುಮಕೂರು, ತಿಪಟೂರು ಕಡೆಯ ಬಸ್ಸು ಎಂಟನೇ ಮೈಲಿಯನ್ನು ಹಾದೇ ಹೋಗುತ್ತದೆ, ಮೆಜೆಸ್ಟಿಕ್‌ಗೆ ಹೋಗುವ ಅಗತ್ಯವಿಲ್ಲ. ಆದರೆ ಶುಕ್ರವಾರ ಸಂಜೆ ಅಲ್ಲಿ ಹತ್ತಿದರೆ ತುಮಕೂರಿನವರೆಗೆ ನಿಂತೇ ಹೋಗಬೇಕು, ಸೀಟೆಲ್ಲ ಮೆಜೆಸ್ಟಿಕ್‌ನಲ್ಲೇ ತುಂಬಿರುತ್ತದೆ. ಅದಕ್ಕೇ ಶುಕ್ರವಾರ ಮಾತ್ರ ತರಗತಿ ಮುಗಿಸಿ ಮೆಟ್ರೊದಲ್ಲಿ ಮೆಜೆಸ್ಟಿಕ್‌ಗೆ ಹೋಗಿ ಅಲ್ಲಿಂದಲೇ ಬಸ್ಸು ಹಿಡಿಯುತ್ತಿದ್ದೆ. ಬಸ್ಸು ಎಂಟನೇ ಮೈಲಿಯಲ್ಲಿ ನಿಂತಾಗ ಕಿಟಕಿಯಿಂದ ಚಿಕ್ಕಮ್ಮನ ಬೀದಿಯ ಬಾಯಿ ಕಾಣುತ್ತಿತ್ತು. ಹತ್ತಲು ಒದ್ದಾಡುವವರನ್ನು ನೋಡಿ ಸ್ವಲ್ಪ ಪಾಪಪ್ರಜ್ಞೆ, ಹೆಚ್ಚು ಸಮಾಧಾನ.

ರಾತ್ರಿಯ ಆಟೊ ಎರಡು ವರ್ಷದಲ್ಲಿ ನಾಲ್ಕೈದು ಬಾರಿ ಅಷ್ಟೆ. ಹತ್ತು ಗಂಟೆಯ ನಂತರ ಒಂದೂವರೆ ಪಟ್ಟು ದರ. ತಡವಾದರೆ ದಾಸರಹಳ್ಳಿ ನಿಲ್ದಾಣದ ಮೆಟ್ಟಿಲ ಬುಡದಲ್ಲಿ ಚಿಕ್ಕಪ್ಪ ಸ್ಕೂಟರ್ ನಿಲ್ಲಿಸಿಕೊಂಡು ನಿಂತಿರುತ್ತಿದ್ದರು.

2025ರಲ್ಲಿ ಕೊಬ್ಬರಿಗೆ ಬೆಲೆ ಬಂತು, ಯಾರೂ ಎಣಿಸದಷ್ಟು ಬಂತು. ಕೊನೆಯ ಸೆಮಿಸ್ಟರಿನ ಪರೀಕ್ಷೆಗೆ ಎರಡು ವಾರ ಇದ್ದಾಗ ಅಪ್ಪನ ಫೋನು: "ಯಾವ ಬಣ್ಣದ ಸ್ಕೂಟಿ ಬೇಕಮ್ಮ?" ಆಗ ನಾನು ಸುಮನಹಳ್ಳಿಯ ಬಳಿ ನಿಂತುಹೋದ ಬಸ್ಸಿನಲ್ಲಿ ಇದ್ದೆ. ಬಸ್ಸಿನ ಎರಡೂ ಪಕ್ಕದಲ್ಲಿ ಎಲ್ಲ ಬಣ್ಣದ ಸ್ಕೂಟಿಗಳೂ ನಿಂತಿದ್ದವು. ಪರೀಕ್ಷೆ ಮುಗಿಯಲಿ ಅಪ್ಪ, ನೋಡೋಣ ಎಂದೆ.