ಕೋಳಿಗೂಡಿಗೆ ರಾತ್ರಿ ನುಗ್ಗುವ ದಾರಿಗಳನ್ನು ಮುಚ್ಚಿದ ಬಗೆ

ನಮ್ಮ ಮಲೆನಾಡಿನಲ್ಲಿ ರಾತ್ರಿ ಕೋಳಿಗೂಡಿಗೆ ಬರುವವು ಕಬ್ಬೆಕ್ಕು (ಪುನುಗು ಬೆಕ್ಕಿನ ಜಾತಿಯದು), ಕಾಡುಬೆಕ್ಕು, ಹೆಗ್ಗಣ, ಹೆಬ್ಬಾವು, ನಾಯಿ, ನರಿ. ಬಂದದ್ದು ಯಾವುದೆಂದು ಮೊದಲು ಗುರುತಿಸಬೇಕು. ನಾಲ್ಕಾರು ಕೋಳಿ ಕುತ್ತಿಗೆ ಕಡಿಸಿಕೊಂಡು ಗೂಡಲ್ಲೇ ಬಿದ್ದಿದ್ದರೆ ಹೆಚ್ಚಾಗಿ ಕಬ್ಬೆಕ್ಕು. ಒಂದೇ ಕೋಳಿ ಕಾಣೆಯಾಗಿ ಬೇಲಿಯವರೆಗೂ ಪುಕ್ಕ ಉದುರಿದ್ದರೆ ಕಾಡುಬೆಕ್ಕು ಇಲ್ಲವೇ ನರಿ. ಮರಿಗಳಷ್ಟೇ ಕಡಿಮೆಯಾಗಿ ಮೂಲೆಯಲ್ಲಿ ಹಸಿ ಮಣ್ಣು ಎದ್ದಿದ್ದರೆ ಹೆಗ್ಗಣ. ಹೆಬ್ಬಾವು ಸಂದಿಯಲ್ಲಿ ನುಸುಳಿ ಬಂದು ಕೋಳಿ ನುಂಗಿದರೆ, ಹೊಟ್ಟೆ ಉಬ್ಬಿ ಅದೇ ಸಂದಿಯಲ್ಲಿ ಹೊರಗೆ ಹೋಗಲಾರದೆ ಒಳಗೇ ಉಳಿದುಬಿಡುವುದುಂಟು.

12 ಕೋಳಿಗೆ ನಾನು ಮಾಡಿಕೊಂಡ ಗೂಡು 6 ಅಡಿ ಉದ್ದ, 4 ಅಡಿ ಅಗಲ. ನೆಲಕ್ಕೆ 2 ಇಂಚು ಕಾಂಕ್ರೀಟ್, ಮೇಲೆ 3 ಇಂಚು ಭತ್ತದ ಹೊಟ್ಟು. ಮಣ್ಣಿನ ನೆಲವಾದರೆ ಹೆಗ್ಗಣ ಅಡಿಯಿಂದಲೇ ಬಿಲ ತೋಡುತ್ತದೆ. ಅಗಲದ ಎರಡು ಬದಿ ಪೂರ್ತಿ ಜಂಬಿಟ್ಟಿಗೆ ಕಲ್ಲು, ಉದ್ದದ ಬದಿಗಳಲ್ಲಿ 2 ಅಡಿ ಕಲ್ಲು, ಅದರ ಮೇಲೆ ಅರ್ಧ ಇಂಚು ಕಣ್ಣಿನ ವೆಲ್ಡೆಡ್ ಮೆಶ್ (ತಂತಿ ಬೆಸೆದ ಜಾಲರಿ).

ಅಂಗಡಿಯಲ್ಲಿ ಕೋಳಿ ಬಲೆ ಎಂದು ಕೊಡುವ ಆರು ಮೂಲೆಯ ತೆಳು ತಂತಿಯನ್ನು ದಯವಿಟ್ಟು ನಂಬಬೇಡಿ. ಕೋಳಿ ಹೊರಗೆ ಹೋಗದಂತೆ ತಡೆಯಲು ಅದು ಸಾಕು. ನಾಯಿ ಹಲ್ಲು ಹಾಕಿ ಎಳೆದರೆ ಹೆಣಿಗೆ ಬಿಚ್ಚಿಕೊಳ್ಳುತ್ತದೆ. ಮೆಶ್ ಬಿಗಿಯಲು ಯು ಮೊಳೆ ಹೊಡೆದರೆ ಮಳೆಗಾಲದಲ್ಲಿ ಮರ ನೆನೆದು ಸಡಿಲವಾಗುತ್ತದೆ. ಅಂಚಿನ ಮೇಲೆ ರೀಪು ಇಟ್ಟು, ಅರ್ಧ ಅಡಿಗೊಂದರಂತೆ ವಾಷರ್ ಸಮೇತ ಸ್ಕ್ರೂ ಹಾಕಿದೆ. ಮರಿ ಇರುವ ಭಾಗಕ್ಕೆ ಕಾಲು ಇಂಚು ಕಣ್ಣಿನದೇ ಬೇಕು, ಅರ್ಧ ಇಂಚಿನಲ್ಲಿ ಸಣ್ಣ ಹಾವು ನುಸುಳೀತು.

ಹೆಚ್ಚಿನವರು ಮರೆಯುವುದು ಮಾಡನ್ನು, ಅಂದರೆ ಚಾವಣಿಯನ್ನು. ಕಬ್ಬೆಕ್ಕು ಮರ ಹತ್ತುವ ಪ್ರಾಣಿ. ಮೇಲಿಂದ ಇಳಿದು ಹೆಂಚು ಸರಿಸಿ ಒಳಗೆ ಬರುತ್ತದೆ. ಹಾಗಾಗಿ ಹೆಂಚಿನ ಕೆಳಗೂ ಅದೇ ಮೆಶ್ ಹೊಡೆದು, ಗೂಡಿನ ಮೇಲೆ ಚಾಚಿದ ಹಲಸಿನ ಕೊಂಬೆ ಕಡಿದೆ.

ಬಾಗಿಲು ಮರದ್ದಾದರೆ ಜೂನ್‌ನಲ್ಲಿ ಉಬ್ಬಿ ಮುಚ್ಚುವುದಿಲ್ಲ. ಆಗ ಉಜ್ಜಿಸಿದರೆ ಬೇಸಿಗೆಗೆ ಸಂದಿ ಬೀಳುತ್ತದೆ. ಕಬ್ಬಿಣದ ಚೌಕಟ್ಟಿಗೆ ತಗಡು ಹೊಡೆಸುವುದು ಮೇಲು. ಚಿಲಕ ಎರಡು, ಒಂದು ಮೇಲೆ, ಒಂದು ಕೆಳಗೆ. ಮೇಲೊಂದೇ ಇದ್ದರೆ ಕೆಳಮೂಲೆಯನ್ನು ಒತ್ತಿ ತಲೆ ತೂರಿಸಲು ಜಾಗವಾಗುತ್ತದೆ.

ಕೋಳಿ ಕೂರುವ ಗಳುಗಳು ಎರಡು, ನೆಲದಿಂದ ಎರಡೂವರೆ ಅಡಿ ಎತ್ತರ, ಮೆಶ್‌ನಿಂದ ಒಂದೂಕಾಲು ಅಡಿ ಒಳಗೆ. ಮೆಶ್‌ಗೆ ಒರಗಿ ಮಲಗಿದ ಕೋಳಿಯನ್ನು ಕಬ್ಬೆಕ್ಕು, ಕಾಡುಬೆಕ್ಕುಗಳು ಹೊರಗಿಂದಲೇ ಪಂಜ ಹಾಕಿ ಗಾಯ ಮಾಡುತ್ತವೆ.

ಮಳೆ ಎರಚಲು ತಡೆಯಲು ಸುತ್ತ ಟಾರ್ಪಾಲು ಬಿಗಿಯುವುದು ತಪ್ಪು. ಗಾಳಿಯಾಡದೆ ಹಿಕ್ಕೆಯ ಘಾಟು ತುಂಬಿ ಕೋಳಿಗೆ ಉಸಿರಾಟದ ತೊಂದರೆ ಬರುತ್ತದೆ. ಅದರ ಬದಲು ಸೂರನ್ನು 2 ಅಡಿ ಹೊರಗೆ ಚಾಚಿಸಿದ್ದೇನೆ.

ಕತ್ತಲಾಗುವ ಮುಂಚೆ ಎಣಿಸಿ ಬಾಗಿಲು ಹಾಕುತ್ತೇನೆ, ಉಳಿದ ಕಾಳು ತೆಗೆಯುತ್ತೇನೆ. ಕಾಳಿಗೆ ಇಲಿ, ಇಲಿಗೆ ಹಾವು. ವಿಷ, ಉರುಳು ಎರಡೂ ಬೇಡ; ಕಬ್ಬೆಕ್ಕು, ಕಾಡುಬೆಕ್ಕು, ನರಿ, ಹೆಬ್ಬಾವುಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಹೆಬ್ಬಾವು ಸಿಕ್ಕಿಬಿದ್ದರೆ ಅರಣ್ಯ ಇಲಾಖೆಗೆ ಫೋನ್ ಮಾಡಿ. ಮಳೆಗಾಲ ಮುಗಿದೊಡನೆ ಮೆಶ್ಶನ್ನು ಗೇಣು ಗೇಣಿಗೂ ಹೆಬ್ಬೆರಳಲ್ಲಿ ಒತ್ತಿ ನೋಡಿ. ಕೆಳ ಅಂಚು ಮೊದಲು ತುಕ್ಕು ಹಿಡಿಯುತ್ತದೆ.